ರತ್ನಕ್ಕನ ಶನಿವಾರದ ಚಾಕಲೇಟು

ರತ್ನಕ್ಕನ ಕೈ ಯಾವಾಗಲೂ ತಣ್ಣಗಿರುತ್ತಿತ್ತು. ಯುಗಾದಿ ಕಳೆದು ಶಿಡ್ಲಘಟ್ಟದ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಕಾಲದಲ್ಲೂ ಅವರು ಬಂದು ಕತ್ತಿನ ಹಿಂದೆ ಅಂಗೈ ಇಟ್ಟರೆ ಮಣ್ಣಿನ ಹೂಜಿ ತಗುಲಿದಂತಾಗುತ್ತಿತ್ತು. ನಮ್ಮ ಬೀದಿಯ ಮಕ್ಕಳಿಗೆ ಜ್ವರ ಬಂದರೆ ಮೊದಲು ಹಣೆಯ ಮೇಲೆ ರತ್ನಕ್ಕನ ಕೈ, ಆಮೇಲೆ ಡಾಕ್ಟರು. "ನಂದು ದೇವಸ್ಥಾನದ ಕಲ್ಲಿನಂಥ ಕೈ ಕಣೇ," ಎಂದು ಅವರಿಗೆ ಹೆಮ್ಮೆ. ಡಾಕ್ಟರು ಮಾತ್ರ, ರಕ್ತ ಸರಿಯಾಗಿ ಓಡುತ್ತಿಲ್ಲ, ಸಕ್ಕರೆ ಕಾಯಿಲೆಯವರು ಹುಷಾರಾಗಿರಬೇಕು ಅಂದಿದ್ದರಂತೆ. ಆ ಡಾಕ್ಟರಿಗೆ ದೈವಭಕ್ತಿ ಕಡಿಮೆ ಎಂದು ರತ್ನಕ್ಕ ತೀರ್ಮಾನ ಕೊಟ್ಟರು.

ತೀರ್ಮಾನ ಕೊಡುವುದು ಅವರ ಇನ್ನೊಂದು ಗುಣ. ಪ್ರತಿ ಶನಿವಾರ ಮಧ್ಯಾಹ್ನದ ಮೇಲೆ ನಮ್ಮ ಬೀದಿಯ ಆಂಜನೇಯಸ್ವಾಮಿ ಗುಡಿಯ ಪಡಸಾಲೆಯಲ್ಲಿ ನಾವೊಂದಿಷ್ಟು ಹೆಂಗಸರು ಭಜನೆಗೆ ಕೂರುತ್ತೇವೆ. ಅಲ್ಲಿ ರತ್ನಕ್ಕನೇ ಶಾಸ್ತ್ರ, ರತ್ನಕ್ಕನೇ ಪಂಚಾಂಗ. ಉಪವಾಸದ ದಿನ ಪೇಸ್ಟಿನಲ್ಲಿ ಹಲ್ಲುಜ್ಜಬಹುದೇ? "ನುಂಗ್ದಿದ್ರೆ ಉಜ್ಜು." ಕಾಫಿ? "ಕುಡಿಯೋದಕ್ಕೂ ತಿನ್ನೋದಕ್ಕೂ ವ್ಯತ್ಯಾಸ ಇಲ್ವೇನೇ?" ಒಂದು ಸಲ ಪಕ್ಕದ ಬೀದಿಯ ಗಿರಿಜಮ್ಮ ಅಳುಮೋರೆ ಮಾಡಿಕೊಂಡು ಬಂದರು. ಶುಕ್ರವಾರ ರಾತ್ರಿ ಕನಸಿನಲ್ಲಿ ಕೋಳಿ ಸಾರು ಉಂಡೆ, ಎದ್ದರೆ ಶನಿವಾರ, ಈಗೇನು ಮಾಡಲಿ ಅಂದರು. ರತ್ನಕ್ಕ ಕಣ್ಣು ಮುಚ್ಚಿ ಯೋಚಿಸಿದರು.

"ಎದ್ದಮೇಲೆ ಬಾಯಿ ಮುಕ್ಕಳಿಸಿದ್ಯಾ?"

"ಮುಕ್ಕಳಿಸ್ದೆ ರತ್ನಕ್ಕ."

"ಸಾಕು. ತಾಳ ಎತ್ಕೋ."

ಗಿರಿಜಮ್ಮ ನಿರಾಳವಾಗಿ ತಾಳ ಎತ್ತಿಕೊಂಡರು. ಇಷ್ಟು ಸಲೀಸಾಗಿ ಪಾಪ ಕಳೆಯುವವರು ಬೀದಿಗೊಬ್ಬರಿದ್ದರೆ ಕಾಶಿ ರೈಲಿನಲ್ಲಿ ಮಲಗಿಕೊಂಡು ಹೋಗುವಷ್ಟು ಜಾಗ ಸಿಗುತ್ತಿತ್ತು.

ಅವರ ತೌರು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿ. ಹಾಗಾಗಿ ನಮ್ಮನ್ನು ಬೈಯುವುದು ಕನ್ನಡದಲ್ಲಿ, ದೇವರನ್ನು ಬೈಯುವುದು ತೆಲುಗಿನಲ್ಲಿ. ಗಂಡ ಮುನಿಶಾಮಪ್ಪನವರಿಗೆ ಮೇಲೂರಿನ ಹತ್ತಿರ ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಮನೆ. ಅವರು ಮಾತಾಡಿದ್ದನ್ನು ನಾನು ಹೆಚ್ಚು ಕೇಳಿಲ್ಲ. ಆ ಮನೆಯಲ್ಲಿ ಅದಕ್ಕೆ ಬಿಡುವೂ ಸಿಗುತ್ತಿರಲಿಲ್ಲ.

ನನ್ನ ಮಗಳು ಕಾವ್ಯಳನ್ನು ಚಿಕ್ಕಬಳ್ಳಾಪುರಕ್ಕೆ ಕೊಟ್ಟಿದ್ದೇವೆ. ಎರಡು ಸಲ ಬಸುರು ನಿಲ್ಲದೆ ಹೋಗಿ, ಮತ್ತೆ ನಿಂತಿತು ಎಂದು ಫೋನು ಬಂದ ದಿನ ನಾನು ದೇವರ ಮನೆಯಲ್ಲಿ ಕೂತು ಅತ್ತೆ. ಆಮೇಲೆ ರತ್ನಕ್ಕನ ಮನೆಗೆ ಹೋದೆ. ಹರಕೆ ಹೊರಬೇಕು, ಹೇಗೆ ಹೊರಲಿ ಎಂದು ಕೇಳಿದೆ.

"ಸುಮ್ನೆ ಉಪವಾಸ ಅಂದ್ರೆ ದೇವರು ಕಿವಿಗೆ ಹಾಕ್ಕೊಳ್ಳಲ್ಲ ಸುಜಾತ. ಎಲ್ರೂ ಅದನ್ನೇ ಅಂತಾರೆ," ಅಂದರು. "ಹೆರಿಗೆ ಆಗೋವರ್ಗೂ ಶನಿವಾರ ಸಂಜೆ ದೀಪ ಹಚ್ಚೋತಂಕ ಒಲೆ ಮುಟ್ಟಿದ್ದು ಯಾವ್ದೂ ಬಾಯಿಗೆ ಹಾಕ್ಬೇಡ. ಬೆಂಕಿ ಕಾಣದೇ ಇರೋದು ಮಾತ್ರ ತಿನ್ನು. ಹಾಲು ಬೇಕಾದ್ರೆ ಕುಡಿ, ಹಾಲು ಕಾಯಿಸಿದ್ರೂ ಹಾಲೇ."

ಹಾಗೇ ಹರಕೆ ಹೊತ್ತೆ. ನನ್ನ ಮೇಲಿನ ಪ್ರೀತಿಗೆ ಇಡೀ ಭಜನೆ ಗುಂಪು ಜೊತೆಗೆ ನಿಂತಿತು. ದೇವರು ದೊಡ್ಡವನು, ಇಂಥ ನೆರೆಹೊರೆ ಕೊಟ್ಟ ಎಂದುಕೊಂಡೆ. ಮೊದಲ ಕೆಲವು ಶನಿವಾರ ಬಾಳೆಹಣ್ಣು, ಸೌತೆಕಾಯಿ, ನೆನೆಸಿದ ಹೆಸರುಬೇಳೆ ಎಲ್ಲರಿಗೂ ಬಹಳ ರುಚಿಸಿದವು. ಆಮೇಲೆ ಒಬ್ಬೊಬ್ಬರ ಮನೆಗೇ ನೆಂಟರು ಬರತೊಡಗಿದರು. ಅದೂ ಶನಿವಾರವೇ. ಪಡಸಾಲೆಯಲ್ಲಿ ಕೊನೆಗೆ ಉಳಿದವರು ನಾನು, ರತ್ನಕ್ಕ ಮತ್ತು ಮನೆಯಲ್ಲಿ ಸೊಸೆಯ ಜೊತೆ ಮಾತು ಬಿಟ್ಟಿದ್ದ ಗಿರಿಜಮ್ಮ.

ಭಕ್ತಿಯನ್ನು ಮತ್ತೆ ಎಳೆದು ತರಬೇಕಾದರೆ ಏನಾದರೂ ಮಾಡಬೇಕು ಎಂದು ರತ್ನಕ್ಕ ಮೊಬೈಲು ಹಿಡಿದರು. ಅದರಲ್ಲಿ ಯಾವುದೋ ಹುಡುಗಿ ಒಲೆ ಹಚ್ಚದೆ ಚಾಕಲೇಟ್ ಟ್ರಫಲ್ ಎಂಬ ಉಂಡೆ ಮಾಡುವುದನ್ನು ನೋಡಿದರು. ಹುಡುಗಿ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದಳಂತೆ. ರತ್ನಕ್ಕ ಅದರ ಸದ್ದು ತೆಗೆದುಬಿಟ್ಟಿದ್ದರು. "ಮಾತು ಯಾಕೆ ಬೇಕು, ಕೈ ಏನು ಮಾಡ್ತೈತೆ ನೋಡಿದ್ರೆ ಸಾಲ್ದಾ? ಒಂದು ಬೆಂಕಿಕಡ್ಡಿ ಕೂಡ ಗೀರ್ಲಿಲ್ಲ ಕಣೇ ಆ ಮಗು," ಎಂದು ನನಗೆ ಹೇಳುವಾಗ ಅವರ ಕಣ್ಣು ಮಿನುಗುತ್ತಿದ್ದವು.

ಆ ಹುಡುಗಿ ಕಿತ್ತಳೆ ಸಿಪ್ಪೆ ತುರಿದು ಹಾಕಿದ್ದಳು. ರತ್ನಕ್ಕನ ಹಿತ್ತಲಿನಲ್ಲಿ ಹೇರಳೆ ಗಿಡವಿತ್ತು. ನಾವು ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ ಹಾಕುವ ದಪ್ಪ ಸಿಪ್ಪೆಯ ಹೇರಳೆಕಾಯಿ. ದೇವರು ಹಿತ್ತಲಲ್ಲೇ ಕೊಟ್ಟಿರುವಾಗ ಅಂಗಡಿಯ ಕಿತ್ತಳೆ ಯಾಕೆ ಎಂದು ಅದನ್ನೇ ತುರಿದರು. ಮೊದಲ ಸಲ ಹಸಿರು ಮುಗಿದು ಬಿಳಿ ಕಾಣಿಸಿದ ಮೇಲೂ ನಿಲ್ಲಿಸದೆ ತುರಿದಿದ್ದರಿಂದ ಉಂಡೆ ಬೇವಿನಕಾಯಿಯ ಹಾಗಾಯಿತು. ನಾವು ಮುಖ ಕಿವಿಚಿದ್ದನ್ನು ನೋಡಿ, "ಕಹಿ ಇದ್ರೆ ಶುಗರಿಗೆ ಒಳ್ಳೇದು," ಎಂದು ತಾವೇ ಎರಡು ತಿಂದರು. ಮುಂದಿನ ವಾರ ಮೇಲಿನ ಹಸಿರನ್ನಷ್ಟೇ ನವಿರಾಗಿ ತುರಿದು, ನಾಲ್ಕು ತೊಟ್ಟು ರಸ ಹಿಂಡಿ, ಬೆಣ್ಣೆ, ಕೋಕೋ, ಡಬ್ಬಿಯ ಗಟ್ಟಿ ಹಾಲು, ಜೊತೆಗೆ ಎಂಥದೋ ಕಂದು ಪುಡಿ ಕಲಸಿ, ಫ್ರಿಜ್ಜಿನಲ್ಲಿಟ್ಟು ತಂದರು. ಮಿಕ್ಕವರು ಕಲಸಿದರೆ ಅಂಗೈ ಬಿಸಿಗೆ ಅಂಟಂಟಾಗುವ ಆ ಹಿಟ್ಟು ಅವರ ತಣ್ಣನೆ ಕೈಯಲ್ಲಿ ಲಕ್ಷಣವಾಗಿ ಉರುಳುತ್ತಿತ್ತು. ಜೀವಮಾನವೆಲ್ಲ ರೇಷ್ಮೆಗೂಡು ಬಿಡಿಸಿದ ಕೈ, ಉಂಡೆಯೂ ಗೂಡಿನ ಹಾಗೇ ಉದ್ದುದ್ದ ಬರುತ್ತಿತ್ತು.

ಬಾಯಲ್ಲಿಟ್ಟರೆ ಮೊದಲು ಹೇರಳೆಯ ಘಮ, ಆಮೇಲೆ ಚಾಕಲೇಟು. ನನಗೆ ಕಣ್ಣಲ್ಲಿ ನೀರು ಬಂತು. ಬೆಳಗಿನಿಂದ ಬರೀ ಸೌತೆಕಾಯಿಯ ಮೇಲಿದ್ದವಳಿಗೆ ಅಷ್ಟು ಸಾಕು.

"ಇದು ಉಪವಾಸಕ್ಕೆ ಬರುತ್ತಾ ರತ್ನಕ್ಕ?" ಎಂದು ಗಿರಿಜಮ್ಮ ಮೂರನೆಯದನ್ನು ತೆಗೆದುಕೊಳ್ಳುತ್ತ ಕೇಳಿದರು.

"ಕೋಕೋ ಅನ್ನೋದು ಮರದಲ್ಲಿ ಬಿಡೋ ಹಣ್ಣಿನ ಬೀಜ. ಹೇರಳೆ ಹಣ್ಣು. ಮಿಕ್ಕಿದ್ದು ಹಾಲು ಬೆಣ್ಣೆ. ಶುದ್ಧ ಫಲಾಹಾರ. ಒಲೆ ಕಡೆ ನಾನು ತಲೆ ಹಾಕಿ ಕೂಡ ಮಲಗಿಲ್ಲ."

ಎರಡೇ ವಾರದಲ್ಲಿ ಸುದ್ದಿ ಹಬ್ಬಿತು. ನೆಂಟರೆಲ್ಲ ಅವರವರ ಊರಿಗೆ ಹೊರಟುಹೋದರು. ಪಡಸಾಲೆ ತುಂಬಿ, ಮೆಟ್ಟಿಲ ಮೇಲೂ ಭಕ್ತರು. ಹಿಂದೆ ಒಂದು ಹಾಡಿಗೇ ಸೊಂಟ ಹಿಡಿಯುತ್ತದೆ ಎನ್ನುತ್ತಿದ್ದವರು ಡಬ್ಬಿಯ ಮುಚ್ಚಳ ತೆಗೆಯುವ ತನಕ ಕದಲದೆ ಕೂತು ಹಾಡಿದರು. ಪೂಜಾರಪ್ಪನವರೂ ಮಂಗಳಾರತಿ ತಟ್ಟೆ ಹಿಡಿದು ಬರುವಾಗ ರತ್ನಕ್ಕನ ಮುಂದೆ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುವುದನ್ನು ಕಲಿತರು.

ಇಷ್ಟಾದರೆ ಸಾಕಿತ್ತು. ಸಾಕು ಅನ್ನುವ ಮಾತು ರತ್ನಕ್ಕನಿಗೆ ಬೇರೆಯವರ ವಿಷಯದಲ್ಲಿ ಮಾತ್ರ ಗೊತ್ತಿದ್ದದ್ದು. ಆಂಜನೇಯನಿಗೆ ವಡೆ ಹಾರ ಹಾಕುತ್ತಾರಲ್ಲ, ಟ್ರಫಲ್ ಹಾರ ಯಾಕಾಗಬಾರದು ಎಂದರು. ಒಂದು ಶನಿವಾರ ದಬ್ಬಳ, ದಾರ ಹಿಡಿದು ಉಂಡೆಗಳನ್ನು ಪೋಣಿಸಿ, ಐಸು ತುಂಬಿದ ಬುಟ್ಟಿಯಲ್ಲಿ ಹೊತ್ತು ತಂದರು. ಸ್ವಾಮಿಯ ಕೊರಳಿಗೆ ಹಾಕಿದಾಗ ನಿಜಕ್ಕೂ ಚೆನ್ನಾಗಿ ಕಂಡಿತು, ದೊಡ್ಡ ರುದ್ರಾಕ್ಷಿ ಮಾಲೆಯ ಹಾಗೆ. ಆದರೆ ಎರಡು ಪಕ್ಕದಲ್ಲೂ ನಂದಾದೀಪ. ಮಂಗಳಾರತಿ ಎತ್ತುವಷ್ಟರಲ್ಲಿ ಒಂದು ಉಂಡೆ ಜಾರಿ ಪಾದಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಸ್ವಾಮಿಯ ಎದೆಯ ಬೆಣ್ಣೆ ಅಲಂಕಾರದ ಮೇಲೆ ಕಂದು ಕಾಲುವೆಗಳು ಹರಿದು, ದಾರ ಒಂದೇ ಉಳಿಯಿತು.

"ಸ್ವಾಮಿಗೆ ಬೇಡ ಅಂತ ಕಾಣುತ್ತೆ ಕಣಮ್ಮ," ಅಂದರು ಪೂಜಾರಪ್ಪ, ಬಾಲದ ಮೇಲೆ ಬಿದ್ದದ್ದನ್ನು ಒರೆಸುತ್ತ.

"ಬೇಡ ಅಂದೋರು ಹಿಂಗೆ ಮೈಕೈಗೆಲ್ಲ ಬಳ್ಕೋತಾರಾ? ಸ್ವಾಮಿ ತಿಂತಾವ್ನೆ, ನೀವು ಸುಮ್ನಿರಿ."

ಮಾರನೆಯ ಬೆಳಿಗ್ಗೆ ಗರ್ಭಗುಡಿಯ ತುಂಬ ಇರುವೆ. ಪಾಪ, ಪೂಜಾರಪ್ಪನವರ ಮನೆಯವರೆಲ್ಲ ಸೇರಿ ಮಧ್ಯಾಹ್ನದ ತನಕ ತೊಳೆದರು. ವಿಗ್ರಹ ಕಲ್ಲಿನದಾಗಿತ್ತು, ಅದೊಂದು ಪುಣ್ಯ.

ಕಾವ್ಯಳಿಗೆ ಏಳು ತಿಂಗಳು ತುಂಬಿದ್ದಾಗ ರತ್ನಕ್ಕನ ಮಿಕ್ಸಿ ಕೆಟ್ಟಿತು. ಒಂದು ಶುಕ್ರವಾರ ಸಂಜೆ ಚೀಲ ಹಿಡಿದು ನಮ್ಮ ಮನೆಗೆ ಬಂದರು. "ಪುಡಿ ಮಾಡ್ಕೊಡೇ ಒಂಚೂರು," ಎಂದು ಅಡಿಗೆಮನೆಯ ಕಟ್ಟೆಯ ಮೇಲೆ ಚೀಲ ಬಗ್ಗಿಸಿದರು. ಬಿದ್ದದ್ದು ಬಿಸ್ಕತ್ತಿನ ಪೊಟ್ಟಣಗಳು.

ನಾನು ಒಂದು ಪೊಟ್ಟಣ ಎತ್ತಿ ನೋಡಿದೆ. "ರತ್ನಕ್ಕ, ಆ ಕಂದು ಪುಡಿ ಇದೇನಾ?"

"ಹೂಂ, ಇಲ್ದಿದ್ರೆ ಉಂಡೆ ನಿಲ್ಲಲ್ಲ."

"ಬಿಸ್ಕತ್ತು ಬೇಯಿಸಿದ್ದಲ್ವಾ?"

ಅವರು ಪೊಟ್ಟಣ ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ರತ್ನಕ್ಕನನ್ನು ಅಷ್ಟು ಗಾಬರಿಯಲ್ಲಿ ನಾನು ನೋಡಿರಲಿಲ್ಲ. ಗೋಡೆಯ ಕಡೆ ತಿರುಗಿ, "ಏಮಿ ಸ್ವಾಮೀ ಇದಿ!" ಎಂದರು. ಇದೇನು ನಿನ್ನ ಆಟ ಎಂದು ತೆಲುಗಿನಲ್ಲಿ ದೇವರನ್ನೇ ಕೇಳಿದ್ದು. ಆಮೇಲೆ ಸುಧಾರಿಸಿಕೊಂಡರು.

"ಯಾರು ನೋಡಿದ್ದಾರೆ ಬೇಯಿಸೋದನ್ನ?"

"ನೋಡ್ದಿದ್ರೂ, ಹಸಿ ಹಿಟ್ಟು ಹಿಂಗೆ ಗರಿಗರಿ ಆಗುತ್ತಾ?"

"ಫ್ಯಾಕ್ಟ್ರೀಲಿ ಒಲೆ ಎಲ್ಲಿ ಇರುತ್ತೆ? ಕರೆಂಟಲ್ಲಿ ಮಾಡ್ತಾರೆ. ಕರೆಂಟು ಬೆಂಕಿ ಅಲ್ಲ. ಕರೆಂಟಿಗೆ ಹೊಗೆ ಐತಾ?"

"ಹಂಗಾದ್ರೆ ಕರೆಂಟ್ ಕುಕ್ಕರಲ್ಲಿ ಅನ್ನ ಮಾಡ್ಕೊಂಡು ಉಂಡುಬಿಡಣ ನಡೀರಿ."

"ಸುಮ್ಕಿರೇ!" ಎಂದು ಬಾಯಿ ಮುಚ್ಚಿಸಿದರು. ಆದರೆ ಆ ಬೈಗುಳದಲ್ಲಿ ದಮ್ಮಿರಲಿಲ್ಲ. ಮಿಕ್ಸಿ ತಿರುಗಿ ನಿಲ್ಲುವ ತನಕ ಕಟ್ಟೆಗೆ ಒರಗಿ ನಿಂತಿದ್ದು, ಹೊರಡುವಾಗ ಮೆಲ್ಲಗೆ ಕೇಳಿದರು. "ಕಾವ್ಯ ಹೆಂಗವ್ಳೆ?"

"ಚೆನ್ನಾಗಿದ್ದಾಳೆ."

"ಕಾಲು ಊದ್ಕೊಂಡಿಲ್ವಾ?"

"ಇಲ್ಲ ರತ್ನಕ್ಕ. ದೇವರು ನಮ್ಮಂಥೋರು ತಿಳೀದೆ ತಿಂದದ್ದನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಬಿಡಿ."

ನಾನು ನಿಜವಾಗಿಯೂ ಹಾಗೆ ನಂಬಿದ್ದೆ. ಮಗಳ ಹೊಟ್ಟೆಯಲ್ಲಿ ಮಗು ಒದೆಯುತ್ತಿದೆ ಎಂದು ಫೋನಿನಲ್ಲಿ ಕೇಳಿದವಳಿಗೆ ಒಂದು ಬಿಸ್ಕತ್ತಿನ ಭಯ ಎಷ್ಟು ದಿನ ಇರುತ್ತದೆ? ರತ್ನಕ್ಕ ಪುಡಿಯ ಡಬ್ಬಿ ಹಿಡಿದು ಹೋದರು.

ಮಾರನೆಯ ದಿನದಿಂದ ಒಂದು ವ್ಯತ್ಯಾಸ ಕಂಡಿತು. ಉಂಡೆ ಎಂದಿನಂತೆ ಬಂತು, ಎಲ್ಲರಿಗೂ ಹಂಚಿದರು. ನನ್ನ ಸರದಿ ಬಂದಾಗ ಮಾತ್ರ ಡಬ್ಬಿಯ ಬದಲು ಬಾಳೆಹಣ್ಣು. "ನೀನು ಹರಕೆಯೋಳು, ಇದು ತಿನ್ನು." ತಾವು? "ನನಗೆ ಹೊಟ್ಟೆ ಸರಿ ಇಲ್ಲ." ಮುಂದಿನ ಶನಿವಾರವೂ ಹೊಟ್ಟೆ ಸರಿ ಇರಲಿಲ್ಲ. ಅದರ ಮುಂದಿನ ಶನಿವಾರವೂ. ವಾರದ ಮಿಕ್ಕ ದಿನವೆಲ್ಲ ಮುದ್ದೆ ನುಂಗುವ ಹೊಟ್ಟೆಗೆ ಶನಿವಾರ ಏನಾಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ಮುಖ ಬಾಡುತ್ತಿತ್ತು. ಅದನ್ನು ಬಿಸಿಲಿಗೆ ಎಂದುಕೊಂಡೆ.

ಕಾವ್ಯಳಿಗೆ ದಿನ ತುಂಬಿ, ಇವತ್ತೋ ನಾಳೆಯೋ ಎನ್ನುವ ಹಾಗಿದ್ದಾಗಿನ ಶನಿವಾರ. ನಾವು ಪಡಸಾಲೆಯಲ್ಲಿ ಹಾಡುತ್ತಿದ್ದೆವು. ಪೂಜಾರಪ್ಪ ಪರದೆ ಎಳೆದುಕೊಂಡು ಒಳಗೆ ಅಲಂಕಾರ ಮಾಡುತ್ತಿದ್ದರು. ಹಾಡಿನ ನಡುವೆ ರತ್ನಕ್ಕನ ತಾಳ ತಪ್ಪಿತು. ತಿರುಗಿ ನೋಡಿದರೆ ಮುಖದ ತುಂಬ ಬೆವರು, ತುಟಿ ನಡುಗುತ್ತಿತ್ತು. ಹಾಗೇ ಕಂಬಕ್ಕೆ ಜಾರಿಕೊಂಡರು. ಕೈ ಹಿಡಿದೆ.

ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಆವತ್ತು ಉಪಯೋಗಕ್ಕೆ ಬಂತು. ಮಾತ್ರೆ ನುಂಗಿ ಊಟ ಬಿಟ್ಟರೆ ಹೀಗಾಗುವುದನ್ನು ಮನೆಯಲ್ಲೇ ನೋಡಿದ್ದೆ. "ರತ್ನಕ್ಕ, ಬೆಳಿಗ್ಗೆಯಿಂದ ಏನು ತಿಂದಿದ್ದೀರಿ?" ಎಂದು ಕೂಗಿದೆ.

"ಏನೂ ಇಲ್ಲ. ನೀರೂ ಇಲ್ಲ," ಎಂದು ತೊದಲಿದರು. "ನಾನು ಕೊಟ್ಟ ಬಿಸ್ಕತ್ತು ನಿನ್ನ ಹೊಟ್ಟೆಗೆ ಹೋಯ್ತಲ್ಲೇ. ಆ ಶನಿವಾರಗಳ್ನೆಲ್ಲ ನಾನು ತೀರಿಸ್ತಾ ಇದ್ದೀನಿ. ಮಗು ಕೈಗೆ ಬರ್ಲಿ."

"ಬಿಸ್ಕತ್ತಾ?" ಎಂದರು ಹಿಂದಿನಿಂದ ಗಿರಿಜಮ್ಮ. "ಯಾವ ಬಿಸ್ಕತ್ತು? ನಾವು ತಿಂದಿದ್ದು ಬಿಸ್ಕತ್ತಾ?" ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಮನುಷ್ಯರ ಪ್ರಾಣ ಹೋಗುವ ಹೊತ್ತಿನಲ್ಲೂ ನಮ್ಮ ಜನಕ್ಕೆ ಅವರವರ ಪುಣ್ಯದ ಗಂಟು ಸಡಿಲವಾಗಬಾರದು.

ಬಾಳೆಹಣ್ಣೆಲ್ಲ ಪರದೆಯ ಒಳಗಿತ್ತು. ನನ್ನ ಕೈಗೆ ಸಿಕ್ಕಿದ್ದು ಅವರದೇ ಡಬ್ಬಿ. ಒಂದು ಉಂಡೆ ತೆಗೆದು ಬಾಯಿಯ ಹತ್ತಿರ ಹಿಡಿದೆ. ರತ್ನಕ್ಕ ಹಲ್ಲು ಕಚ್ಚಿ ತಲೆ ತಿರುಗಿಸಿದರು.

"ಬೇಡ... ದೀಪ ಹಚ್ಚಿಲ್ಲ... ಬೇಯಿಸಿದ್ದು ಅದು. ತಿಂದ್ರೆ ಕಾವ್ಯಂಗೆ ಕಣೇ..."

ನನಗೆ ಶಾಸ್ತ್ರ ಗೊತ್ತಿಲ್ಲ. ಆ ದಿನದ ತನಕ ರತ್ನಕ್ಕನಿಗೆ ಎದುರಾಡಿದ್ದೂ ಕಡಿಮೆ, ಏಕವಚನದಲ್ಲಿ ಮಾತಾಡಿಸಿದ್ದಂತೂ ಇಲ್ಲವೇ ಇಲ್ಲ. ಅವರ ಗದ್ದ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

"ಹರಕೆ ನಂದು, ಮಗಳು ನನ್ನೋಳು. ಯಾವ ದೇವರನ್ನ ಕೇಳ್ಕೊಂಡಿದ್ದೀನೋ ಅವನು ನನಗೆ ಗೊತ್ತು. ಒಬ್ಬರ ಪ್ರಾಣ ತಗೊಂಡು ಇನ್ನೊಬ್ಬರ ಮಗು ಕೊಡೋನಲ್ಲ ಅವನು. ಬಾಯಿ ತೆಗಿ."

ರತ್ನಕ್ಕ ನನ್ನನ್ನೇ ನೋಡಿದರು. ಬಾಯಿ ತೆಗೆದರು. ಒಂದು, ಇನ್ನೊಂದು, ಮತ್ತೊಂದು. ನಾಲಿಗೆ ಒಣಗಿ ನುಂಗಲಾರದೆ ಒದ್ದಾಡಿದಾಗ ಪೂಜಾರಪ್ಪ ತೀರ್ಥದ ತಂಬಿಗೆ ಹಿಡಿದು ಪರದೆ ಸರಿಸಿ ಓಡಿ ಬಂದರು. ಅಲಂಕಾರ ಅರ್ಧವಾಗಿದ್ದ ಸ್ವಾಮಿ ಒಳಗಿನಿಂದ ಎಲ್ಲ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಆಟೋ ಬರುವಷ್ಟರಲ್ಲಿ ರತ್ನಕ್ಕ ಮಾತಾಡುವಷ್ಟಾಗಿದ್ದರು. ಆಡಿದ ಮೊದಲ ಮಾತು, "ಈ ಸಲ ಹೇರಳೆ ಸ್ವಲ್ಪ ಜಾಸ್ತಿ ಆಗೈತೆ."

ಆಸ್ಪತ್ರೆಯಲ್ಲಿ ಅದೇ ದೈವಭಕ್ತಿ ಕಡಿಮೆಯ ಡಾಕ್ಟರು. ಇನ್ನು ಮೇಲೆ ಉಪವಾಸ ಎಂಬ ಮಾತು ಎತ್ತಿದರೆ ತಾನೇ ಭಜನೆಗೆ ಬಂದು ಕೂರುತ್ತೇನೆ ಎಂದು ಹೆದರಿಸಿದರು. ಮುನಿಶಾಮಪ್ಪನವರು ಅವತ್ತು ಮಾತಾಡಿದರು. ನನ್ನ ಮುಂದೆ ಕೈ ಮುಗಿದು, "ಅವ್ಳಿಗೆ ಯಾರಾದ್ರೂ ಒಬ್ರು ಹೇಳ್ಬೇಕಿತ್ತು ಕಣಮ್ಮ," ಎಂದಷ್ಟೇ ಅಂದರು.

ಮಂಗಳವಾರ ಕಾವ್ಯಳಿಗೆ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳಿರಲಿಲ್ಲ, ಇವತ್ತಿಗೂ ಕೇಳಿಲ್ಲ. ಸುದ್ದಿ ಹೇಳಲು ಹೋದರೆ ರತ್ನಕ್ಕ ಮಂಚದ ಮೇಲೆ ಎದ್ದು ಕೂತು ಲೆಕ್ಕ ಒಪ್ಪಿಸಿದರು. "ಅರ್ಧ ನಿನ್ನ ಉಪವಾಸ, ಅರ್ಧ ನಂದು. ಹೆಸರು ರತ್ನ ಅಂತ ಇಡಿ ಅಂತ ನಾನು ಹೇಳಲ್ಲಪ್ಪ. ಇಡ್ಬೇಡಿ ಅಂತಾನೂ ಹೇಳಲ್ಲ." ಮಗಳು ಅಳಿಯ ತಮಗೆ ಬೇಕಾದ ಹೆಸರು ಇಟ್ಟರು. ಅದು ರತ್ನಕ್ಕನ ಬಾಯಲ್ಲಿ ಒಂದು ಸಲವೂ ಪೂರ್ತಿ ಹೊರಳಲಿಲ್ಲ. ಅವರು ಮಗುವನ್ನು ಕೊನೆಯ ತನಕ ರತ್ನಿ ಎಂದೇ ಕರೆದರು. ಅದು ಹೂಂಗುಟ್ಟುತ್ತಿತ್ತು.

ಭಜನೆಯಲ್ಲಿ ಅವರ ಗೌರವಕ್ಕೇನೂ ಕುಂದು ಬರಲಿಲ್ಲ. ಬಿಸ್ಕತ್ತಿನ ವಿಷಯ ಇತ್ಯರ್ಥವಾಗಬೇಕಲ್ಲ, ಅದನ್ನೂ ಅವರೇ ಬಂದು ಇತ್ಯರ್ಥ ಮಾಡಬೇಕಾಯಿತು. ತಿಳಿಯದೆ ತಿಂದದ್ದು ತಿಂದಂತಲ್ಲ, ತಿಳಿದು ತಿಂದವಳು ತಾನೊಬ್ಬಳೇ, ಅದೂ ಮದ್ದಿನ ಹಾಗೆ ಎಂದರು. ಎಲ್ಲರ ಪುಣ್ಯವೂ ಅವರವರಿಗೆ ವಾಪಸು ಸಿಕ್ಕಿತು. ಗಿರಿಜಮ್ಮ ಹಾಗಾದರೆ ಮುಂದಿನ ವಾರದಿಂದ ಉಂಡೆ ನಿಂತುಹೋಗುತ್ತದಾ ಎಂದು ಬಹಳ ಆತಂಕದಿಂದ ಕೇಳಿದರು.

ಒಂದೂವರೆ ವರ್ಷದ ಮೇಲೆ ರತ್ನಕ್ಕನಿಗೆ ಮೂತ್ರಪಿಂಡದ ತೊಂದರೆ ಶುರುವಾಯಿತು. ಗೌರಿಬಿದನೂರಿನಲ್ಲಿರುವ ಮಗಳು ಅಮ್ಮ ಅಪ್ಪ ಇಬ್ಬರನ್ನೂ ಕರೆದುಕೊಂಡು ಹೋದಳು. ಅಳಿಯ ಒಳ್ಳೆಯವನು, ಅದೂ ದೇವರ ದಯೆ. ನಾನು ನೋಡಲು ಹೋದದ್ದು ಒಂದು ಶನಿವಾರ. ಒಳಗೆ ಕಾಲಿಟ್ಟಾಗ ರತ್ನಕ್ಕ ಕುರ್ಚಿಯ ಮೇಲೆ ಕೂತು ಬಿಸಿ ಅನ್ನ, ಉಪ್ಪಿಲ್ಲದ ಸಾರು ಉಣ್ಣುತ್ತಿದ್ದರು. ನನ್ನನ್ನು ಕಂಡದ್ದೇ ತಟ್ಟೆಯ ಮೇಲೆ ಸೆರಗು ಎಳೆದುಕೊಂಡರು, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ.

"ನೋಡ್ಬೇಡ ಕಣೇ. ಶನಿವಾರ ಬೆಳ್ಬೆಳಿಗ್ಗೆ ಅನ್ನ ತಿನ್ನಿಸ್ತಾರೆ ಇವ್ರು."

"ತಿನ್ನಿ ರತ್ನಕ್ಕ, ನಾನೇನೂ ನೋಡ್ಲಿಲ್ಲ."

ಊಟ ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡರು. ಹೊರಡುವ ಹೊತ್ತಿಗೆ ಹೇಳಿದರು.

"ನನ್ನ ಶನಿವಾರಗಳು ಹಂಗೇ ನಿಂತ್ಕೊಂಬಿಟ್ವು ಸುಜಾತ. ನೀನು ಹೆಂಗೂ ಉಪವಾಸ ಮಾಡ್ತೀಯಲ್ಲ, ನಂದೂ ಅದರಲ್ಲೇ ಸೇರಿಸ್ಕೊಂಡು ಮಾಡು."

"ಒಂದೇ ಹೊಟ್ಟೇಲಿ ಇಬ್ಬರ ಉಪವಾಸ ಹೆಂಗೆ ಮಾಡ್ಲಿ?"

ಕಣ್ಣು ಮುಚ್ಚಿ ಯೋಚಿಸಿದರು. "ಅದಕ್ಕೊಂದು ದಾರಿ ಇರುತ್ತೆ," ಎಂದರು. "ನೋಡಿ ಫೋನ್ ಮಾಡಿ ಹೇಳ್ತೀನಿ ತಡಿ."

ಫೋನು ಬಂತು. ಮಾಡಿದವಳು ಅವರ ಮಗಳು.

ಅವರು ಹೇಳದೆ ಹೋದದ್ದಕ್ಕೆ ನಾನೇ ದಾರಿ ಹುಡುಕಿಕೊಳ್ಳಬೇಕಾಯಿತು. ಹರಕೆ ತೀರಿದ ಮೇಲೆ ನನ್ನ ಶನಿವಾರ ಸ್ವಲ್ಪ ಸಡಿಲವಾಗಿದೆ. ಅನ್ನ ಮುಟ್ಟುವುದಿಲ್ಲ, ಮಧ್ಯಾಹ್ನಕ್ಕೆ ಉಪ್ಪಿಟ್ಟು ನಡೆಯುತ್ತದೆ. ಈಗ ಇಬ್ಬರ ಉಪವಾಸ ಅಂದಮೇಲೆ ಉಪ್ಪಿಟ್ಟೂ ಎರಡು ತಟ್ಟೆ. ಎರಡನೆಯ ತಟ್ಟೆ ಬಡಿಸಿಕೊಳ್ಳುವಾಗ ನಮ್ಮವರು ಕನ್ನಡಕದ ಮೇಲಿಂದ ನೋಡುತ್ತಾರೆ. ನೋಡಲಿ. ಇದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ದೇವರಿಗೆ ಸಂಶಯ ಬಂದರೆ ತನ್ನ ಪಕ್ಕದಲ್ಲೇ ಕೂತಿರುವ ರತ್ನಕ್ಕನನ್ನು ಕೇಳಿಕೊಳ್ಳಲಿ.